ತುಂಗೆಯ ಮೇಲಿನ ಮೋಡಕ್ಕೆ ಹಳೆಯ ತಂತ್ರಾಂಶ ಸಾಲದು

ಮುಂಗಾರು ಬಿರುಸಾದ ದಿನಗಳಲ್ಲಿ ಶಿವಮೊಗ್ಗದ ಜನ ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಒಂದೇ: ಮಂಟಪ ಮುಳುಗಿತಾ? ಕೋರ್ಪಲಯ್ಯನ ಛತ್ರದ ಬಳಿ ತುಂಗೆಯ ಹರಿವಿನಲ್ಲಿ ನಿಂತಿರುವ ಆ ಕಲ್ಲಿನ ಮಂಟಪ ಈ ಊರಿಗೆ ನೆರೆಯ ಅಳತೆಗೋಲು. ಅದನ್ನು ಓದುವುದಕ್ಕೆ ತರಬೇತಿ ಬೇಕಿಲ್ಲ, ಇಂಗ್ಲಿಷ್ ಬೇಕಿಲ್ಲ, ಪಾಸ್‌ವರ್ಡ್ ಬೇಕಿಲ್ಲ. ಆದರೆ ಅದು ಹೇಳುವುದು ಬಂದಾಗಿರುವ ನೀರಿನ ಸುದ್ದಿಯನ್ನು ಮಾತ್ರ. ಬರಲಿರುವ ನೀರಿನ ಸುದ್ದಿ ಇರುವುದು ಶೃಂಗೇರಿ, ಆಗುಂಬೆ, ತೀರ್ಥಹಳ್ಳಿಗಳ ಮೇಲೆ ಕವಿದ ಮೋಡದಲ್ಲಿ. ಆ ಮೋಡವನ್ನು ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಿಂದ ನಮ್ಮದೇ ಉಪಗ್ರಹಗಳು ಹಗಲಿರುಳು ನೋಡುತ್ತಿವೆ. ಹಾಗಿದ್ದೂ ಆ ನೋಟ ಶಿವಮೊಗ್ಗದ ಕುಂಬಾರಗುಂಡಿಯ ಮನೆಗಾಗಲಿ, ಭದ್ರಾವತಿಯ ಕವಲಗುಂದಿಗಾಗಲಿ ಉಪಯೋಗಕ್ಕೆ ಬರುವ ರೂಪದಲ್ಲಿ ತಲುಪುತ್ತಿಲ್ಲ. ತಪ್ಪು ಉಪಗ್ರಹದ್ದಲ್ಲ, ಹವಾಮಾನ ವಿಜ್ಞಾನಿಗಳದ್ದೂ ಅಲ್ಲ. ಉಪಗ್ರಹ ಕಳಿಸಿದ ಅಂಕಿಗಳನ್ನು ಚಿತ್ರವಾಗಿಸಿ ತೆರೆಯ ಮೇಲೆ ತೋರಿಸುವ ತಂತ್ರಾಂಶ ಇನ್ನೂ ಹಳೆಯ ಕಾಲದ ಲೆಕ್ಕಾಚಾರದಲ್ಲೇ ಉಳಿದಿದೆ. ಉಡಾವಣೆಗೆ ಚಪ್ಪಾಳೆ ತಟ್ಟುವ ನಾವು ಈ ಕೊನೆಯ ಕೊಂಡಿಯ ಬಗ್ಗೆ ಮಾತನಾಡುವುದೇ ಇಲ್ಲ.

ಉಪಗ್ರಹಗಳು ಎಷ್ಟು ದೂರ ಬಂದಿವೆ ನೋಡಿ. 2002ರ ಸೆಪ್ಟೆಂಬರಿನಲ್ಲಿ ಹಾರಿದ ಮೆಟ್‌ಸ್ಯಾಟ್‌ಗೆ ಮರುವರ್ಷ ಕಲ್ಪನಾ ಚಾವ್ಲಾ ನೆನಪಿನಲ್ಲಿ ಕಲ್ಪನಾ-1 ಎಂದು ಹೆಸರಿಟ್ಟರು. ಅದರ ಕ್ಯಾಮೆರಾಕ್ಕೆ ಇದ್ದದ್ದು ಮೂರು ಚಾನೆಲ್: ಕಣ್ಣಿಗೆ ಕಾಣುವ ಬೆಳಕು, ನೀರಾವಿ, ಶಾಖ. ಶಾಖದ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ ನೆಲದ ಮೇಲೆ ಎಂಟು ಕಿಲೋಮೀಟರ್. 2013ರ ಇನ್ಸ್ಯಾಟ್-3ಡಿ, 2016ರ 3ಡಿಆರ್, 2024ರ ಫೆಬ್ರವರಿಯಲ್ಲಿ ಹಾರಿದ 3ಡಿಎಸ್ ಇವುಗಳಲ್ಲಿ ಆರು ಚಾನೆಲ್‌ಗಳಿವೆ. ಶಾಖದ ಚುಕ್ಕೆ ನಾಲ್ಕು ಕಿಲೋಮೀಟರಿಗೆ, ಬೆಳಕಿನ ಚುಕ್ಕೆ ಒಂದು ಕಿಲೋಮೀಟರಿಗೆ ಇಳಿದಿದೆ. ಒಂದು ಉಪಗ್ರಹ ಅರ್ಧ ಗಂಟೆಗೊಮ್ಮೆ ಚಿತ್ರ ತೆಗೆಯುತ್ತದೆ. ಎರಡನ್ನು ಸರದಿಯಲ್ಲಿ ನಡೆಸಿದರೆ ಕಾಲು ಗಂಟೆಗೊಂದು ಚಿತ್ರ ಸಿಗುತ್ತದೆ. ಈ ಉಪಗ್ರಹಗಳು ರೂಪುಗೊಂಡದ್ದು ಬೆಂಗಳೂರಿನಲ್ಲಿ, ಅವುಗಳ ಲಗಾಮು ಇರುವುದು ಹಾಸನದ ಮುಖ್ಯ ನಿಯಂತ್ರಣ ಕೇಂದ್ರದಲ್ಲಿ. ಅವು ಕಳಿಸುವ ದತ್ತಾಂಶ ಇಳಿಯುವುದು ದೆಹಲಿಯ ಹವಾಮಾನ ಇಲಾಖೆಗೆ ಮತ್ತು ಅಹಮದಾಬಾದಿನ ಇಸ್ರೋ ಕೇಂದ್ರಕ್ಕೆ. ಅಲ್ಲಿ ವ್ಯವಸ್ಥೆ ಸಾಕಷ್ಟು ಸುಧಾರಿಸಿದೆ. ಹಲವು ಉಪಗ್ರಹಗಳ ದತ್ತಾಂಶವನ್ನು ಒಟ್ಟಿಗೆ ಸಂಸ್ಕರಿಸುವ ಏರ್ಪಾಡು ದೆಹಲಿಯಲ್ಲಿದೆ. ಇಸ್ರೋ ಮತ್ತು ಇಲಾಖೆ ಸೇರಿ ರೂಪಿಸಿದ ‘ರ‍್ಯಾಪಿಡ್’ ಎಂಬ ಜಾಲತಾಣದಲ್ಲಿ ಚಾನೆಲ್‌ಗಳನ್ನು ಬದಲಿಸಿ ನೋಡುವ ಅನುಕೂಲವಿದೆ. ಆದರೆ ಸಾಮಾನ್ಯ ಓದುಗನಿಗೆ, ತಾಲ್ಲೂಕು ಕಚೇರಿಗೆ, ಪತ್ರಿಕೆಗೆ ಬಂದು ಮುಟ್ಟುವುದು ಇಂದಿಗೂ ಬಹುಮಟ್ಟಿಗೆ ಒಂದು ಸಿದ್ಧ ಚಿತ್ರ: ಇಡೀ ದೇಶ, ಅದರ ಜೊತೆಗೆ ಎರಡು ಸಮುದ್ರ, ರಾಜ್ಯಗಳ ಗಡಿರೇಖೆ, ಇಂಗ್ಲಿಷ್ ತಲೆಬರಹ. ಆಧುನೀಕರಣ ರಾಜಧಾನಿಯವರೆಗೆ ಬಂದು ನಿಂತಿದೆ.

ಚಿತ್ರ ಚಿತ್ರವೇ ಅಲ್ಲವೇ, ಅದರಲ್ಲಿ ಹಳೆಯದೇನು ಹೊಸದೇನು ಎಂದು ಕೇಳಬಹುದು. ಇಲ್ಲೇ ವಿಷಯದ ಗಂಟು ಇರುವುದು. ಉಪಗ್ರಹ ಫೋಟೊ ಕಳಿಸುವುದಿಲ್ಲ, ಅಂಕಿಗಳನ್ನು ಕಳಿಸುತ್ತದೆ. ಇನ್ಸ್ಯಾಟ್-3ಡಿ ಸರಣಿಯಲ್ಲಿ ಪ್ರತಿ ಚುಕ್ಕೆಗೂ ಸೊನ್ನೆಯಿಂದ 1023ರವರೆಗಿನ ಒಂದು ಅಂಕಿ ಬರುತ್ತದೆ. ಜೊತೆಗೆ 1024 ಸಾಲುಗಳ ಒಂದು ಕೋಷ್ಟಕವಿರುತ್ತದೆ. ಯಾವ ಅಂಕಿಗೆ ಯಾವ ಉಷ್ಣತೆ ಎಂಬುದು ಅದರಲ್ಲಿದೆ. ಹಳೆಯ ಪ್ರದರ್ಶಕ ತಂತ್ರಾಂಶಗಳು ಹುಟ್ಟಿದ ಕಾಲದಲ್ಲಿ ಕಂಪ್ಯೂಟರ್ ಪರದೆಗೆ 256 ಛಾಯೆಗಳಷ್ಟೇ ಗೊತ್ತಿದ್ದವು. ಹಾಗಾಗಿ ನಾಲ್ಕು ಅಂಕಿಗಳನ್ನು ಒಂದೇ ಛಾಯೆಗೆ ತುರುಕುವುದು ರೂಢಿಯಾಯಿತು. ಚಂಡಮಾರುತ ನೋಡುವವರಿಗೆ ಇದರಿಂದ ಹೆಚ್ಚಿನ ನಷ್ಟವಿಲ್ಲ. ಬಂಗಾಳ ಕೊಲ್ಲಿಯ ಸುಂಟರಮೋಡದ ನೆತ್ತಿ ಹದಿನೈದು ಕಿಲೋಮೀಟರ್ ಎತ್ತರಕ್ಕೆ ಹೋಗಿ, ಸೊನ್ನೆಗಿಂತ ಎಪ್ಪತ್ತು ಎಂಬತ್ತು ಡಿಗ್ರಿ ಕೆಳಗೆ ತಣ್ಣಗಾಗಿರುತ್ತದೆ. ಅದು ಯಾವ ಛಾಯೆಯಲ್ಲೂ ಎದ್ದು ಕಾಣುತ್ತದೆ. ಅನೇಕ ಹಳೆಯ ಬಣ್ಣಪಟ್ಟಿಗಳು ಇಂಥ ಮೋಡಕ್ಕೆಂದೇ ತಯಾರಾದವು. ತುಂಬ ತಣ್ಣಗಿನ ನೆತ್ತಿಗೆ ಕೆಂಪು, ನೇರಳೆ, ಉಳಿದದ್ದಕ್ಕೆಲ್ಲ ಬೂದು.

ಮಲೆನಾಡಿನ ಮಳೆ ಆ ಜಾತಿಯದಲ್ಲ. ಅರಬ್ಬಿ ಸಮುದ್ರದ ತೇವಗಾಳಿ ಘಟ್ಟಕ್ಕೆ ಬಡಿದು ಮೇಲೇರುವಾಗ ಕಟ್ಟಿಕೊಳ್ಳುವ ಮೋಡ ಬಹಳ ಸಲ ಗಿಡ್ಡ. ಅದರ ನೆತ್ತಿ ಅಷ್ಟೇನೂ ತಣ್ಣಗಿರುವುದಿಲ್ಲ. ಆದರೂ ಅದು ಗಂಟೆಗಟ್ಟಲೆ, ದಿನಗಟ್ಟಲೆ ಒಂದೇ ಕಡೆ ಹೊಸದಾಗಿ ಹುಟ್ಟುತ್ತ ಸುರಿಯುತ್ತಲೇ ಇರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆಯಾಗುವುದು ಹೀಗೆ. ಮೋಡದ ನೆತ್ತಿಯ ತಂಪನ್ನಷ್ಟೇ ನೋಡಿ ಮಳೆ ಅಂದಾಜು ಮಾಡುವ ವಿಧಾನಗಳು ಪಶ್ಚಿಮ ಘಟ್ಟದ ಮಳೆಯನ್ನು ಕಡಿಮೆ ಲೆಕ್ಕ ಹಾಕುತ್ತವೆ ಎಂಬುದು ಹವಾಮಾನ ವಿಜ್ಞಾನದಲ್ಲಿ ಹೊಸ ಮಾತಲ್ಲ. ಅದನ್ನು ಸರಿಪಡಿಸಲೆಂದೇ ಬೆಟ್ಟದ ಏರು, ಗಾಳಿಯ ದಿಕ್ಕು, ತೇವಾಂಶ ಇವನ್ನು ಸೇರಿಸಿ ಲೆಕ್ಕ ಮಾಡುವ ಹೈಡ್ರೋ-ಎಸ್ಟಿಮೇಟರ್‌ನಂಥ ವಿಧಾನಗಳು ಬಂದಿವೆ. ಆದರೆ ತೆರೆಯ ಮೇಲಿನ ಬಣ್ಣ ಚಂಡಮಾರುತದ ಕಾಲದ್ದೇ ಆಗಿದ್ದರೆ, ಕೋಲ್ಕತ್ತದ ಮೇಲಿನ ಗುಡುಗುಮೋಡ ಕೆಂಪಗೆ ಉರಿಯುತ್ತದೆ, ಶೃಂಗೇರಿಯಲ್ಲಿ ಮೂರು ದಿನದಿಂದ ಬಿಡದೆ ಹೊಯ್ಯುತ್ತಿರುವ ಮೋಡ ನಿರುಪದ್ರವಿ ಬೂದಾಗಿ ಕೂತಿರುತ್ತದೆ. ನೋಡಿದವರು ‘ನಮ್ಮ ಕಡೆ ಏನೂ ಇಲ್ಲ’ ಅಂದುಕೊಂಡರೆ ಅವರನ್ನು ದೂರಬೇಕಾಗಿಲ್ಲ. ಅಂಕಿ ಬಂದಿತ್ತು, ತಂತ್ರಾಂಶ ಅದನ್ನು ಮುಚ್ಚಿಟ್ಟಿತು. ಆದ್ದರಿಂದ ಪ್ರದರ್ಶಕ ತಂತ್ರಾಂಶವನ್ನು ಹೊಸದು ಮಾಡಿ ಎನ್ನುವುದು ಚಂದಕ್ಕಾಗಿ ಅಲ್ಲ. ಏನು ಕಾಣಬೇಕು, ಏನು ಕಾಣಬಾರದು ಎಂಬ ತೀರ್ಮಾನ ಅದರೊಳಗೆ ಅಡಗಿದೆ.

ಇನ್ನು ಅಳತೆಯ ಪ್ರಶ್ನೆ. ಶಿವಮೊಗ್ಗ ಮತ್ತು ಭದ್ರಾವತಿ ನಡುವೆ ನೇರ ಅಂತರ ಸುಮಾರು ಹದಿನೇಳು ಕಿಲೋಮೀಟರ್. ಶಾಖದ ಚಿತ್ರದಲ್ಲಿ ಅದು ನಾಲ್ಕು ಚುಕ್ಕೆ. ಇಡೀ ಭಾರತವನ್ನು ಮೊಬೈಲಿನ ಅಗಲಕ್ಕೆ ಕುಗ್ಗಿಸಿದಾಗ ಆ ನಾಲ್ಕು ಚುಕ್ಕೆಗಳೂ ಕರಗಿ ಹೋಗುತ್ತವೆ. ಉಪಗ್ರಹ ಭೂಮಧ್ಯರೇಖೆಯ ಮೇಲಿದ್ದು ನಮ್ಮನ್ನು ಓರೆಯಾಗಿ ನೋಡುವುದರಿಂದ ಇನ್ನೊಂದು ತೊಡಕಿದೆ. ಹದಿನೈದು ಕಿಲೋಮೀಟರ್ ಎತ್ತರದ ಮೋಡ ನಮ್ಮ ಅಕ್ಷಾಂಶದಲ್ಲಿ ತನ್ನ ನಿಜವಾದ ಜಾಗಕ್ಕಿಂತ ನಾಲ್ಕೈದು ಕಿಲೋಮೀಟರ್ ಉತ್ತರಕ್ಕೆ ಸರಿದಂತೆ ಕಾಣುತ್ತದೆ. ದೇಶದ ನಕ್ಷೆಯಲ್ಲಿ ಇದು ಲೆಕ್ಕಕ್ಕಿಲ್ಲ. ಆದರೆ ತುಂಗೆ ಮತ್ತು ಭದ್ರೆ ಒಂದೇ ಗಂಗಾಮೂಲದಲ್ಲಿ ಹುಟ್ಟಿ ಬೇರೆಬೇರೆ ಕಣಿವೆ ಹಿಡಿಯುವ ನದಿಗಳು. ಮೇಲ್ಭಾಗದಲ್ಲಿ ಒಂದು ದಿಣ್ಣೆಯ ಈಚೆ ಬಿದ್ದ ಹನಿ ಗಾಜನೂರಿಗೆ, ಆಚೆ ಬಿದ್ದ ಹನಿ ಲಕ್ಕವಳ್ಳಿಗೆ. ಇಲ್ಲಿ ಒಂದು ಚುಕ್ಕೆ ಅತ್ತಿತ್ತಾದರೂ ನೀರು ಬೇರೆ ಊರಿನದ್ದಾಗುತ್ತದೆ. ಓರೆನೋಟದ ಈ ತಪ್ಪನ್ನು ತಿದ್ದುವ ಗಣಿತ ಎಂದೋ ಸಿದ್ಧವಿದೆ. ಅದನ್ನು ಪ್ರತಿ ಚುಕ್ಕೆಗೂ ಕಾಲು ಗಂಟೆಗೊಮ್ಮೆ ಹಚ್ಚುವುದು ಇಂದಿನ ಸಾಧಾರಣ ಕಂಪ್ಯೂಟರಿಗೂ ದೊಡ್ಡ ಕೆಲಸವಲ್ಲ. ಹಾಗೆಯೇ ಅನೇಕ ಚಿತ್ರಗಳ ನೆತ್ತಿಯಲ್ಲಿ ಬರೆದಿರುವ ಹೊತ್ತು ಗ್ರೀನ್‌ವಿಚ್ಚಿನದು. ಐದೂವರೆ ಗಂಟೆ ಕೂಡಿಸಿಕೊಳ್ಳಬೇಕೆಂದು ಗೊತ್ತಿಲ್ಲದವರಿಗೆ ಈಗಿನ ಮೋಡವೂ ಬೆಳಗಿನ ಜಾವದ ಮೋಡದಂತೆ ಕಾಣುತ್ತದೆ. ಇಷ್ಟು ಸಣ್ಣ ತಿದ್ದುಪಡಿಗೂ ದಶಕಗಳು ಬೇಕೇ?

ಎರಡು ಊರುಗಳ ಅಗತ್ಯ ಎಷ್ಟು ಬೇರೆ ಎಂಬುದು ಒಂದು ಸರಳ ಲೆಕ್ಕದಲ್ಲಿ ತಿಳಿಯುತ್ತದೆ. ಗಾಜನೂರಿನ ತುಂಗಾ ಅಣೆಕಟ್ಟೆಯ ಸಾಮರ್ಥ್ಯ 3.24 ಟಿಎಂಸಿ ಅಡಿ. ಲಕ್ಕವಳ್ಳಿಯ ಭದ್ರಾ ಜಲಾಶಯದ್ದು 71.5 ಟಿಎಂಸಿ ಅಡಿ. ಎರಡಕ್ಕೂ 75 ಸಾವಿರ ಕ್ಯೂಸೆಕ್ ಒಳಹರಿವು ಇದೆ, ಎರಡೂ ಖಾಲಿ ಇವೆ, ಗೇಟುಗಳು ಮುಚ್ಚಿವೆ ಎಂದು ಭಾವಿಸೋಣ. ಭದ್ರಾ ತುಂಬಲು ಹನ್ನೊಂದು ದಿನ ಬೇಕು. ಗಾಜನೂರು ಹನ್ನೆರಡು ಗಂಟೆಯಲ್ಲಿ ತುಂಬಿ ಮುಗಿಯುತ್ತದೆ. ಮುಂಗಾರಿನಲ್ಲಿ ಅದು ಖಾಲಿ ಇರುವುದೂ ಇಲ್ಲ. ಬಂದ ನೀರನ್ನು ಬಂದ ಹಾಗೆ 22 ಗೇಟುಗಳಿಂದ ಬಿಡುವುದಲ್ಲದೆ ಬೇರೆ ದಾರಿಯಿಲ್ಲ. ಅಂದರೆ ಶಿವಮೊಗ್ಗಕ್ಕೆ ಅಣೆಕಟ್ಟೆಯ ರಕ್ಷಣೆ ಎಂಬುದು ಹೆಸರಿಗಷ್ಟೇ. ಈ ನಗರಕ್ಕೆ ಬೇಕಾದದ್ದು ಮುಂದಿನ ಆರೆಂಟು ಗಂಟೆಯಲ್ಲಿ ತೀರ್ಥಹಳ್ಳಿಯ ಮೇಲಿನ ಮೋಡ ಏನು ಮಾಡುತ್ತದೆ ಎಂಬ ಸುದ್ದಿ. ಭದ್ರಾವತಿಯ ಕಥೆ ತಿರುಗಾಮುರುಗಾ. ಅಲ್ಲಿ ಜಲಾಶಯ ದಿನಗಟ್ಟಲೆ ನೀರನ್ನು ನುಂಗಿಕೊಳ್ಳುತ್ತದೆ, ಊರು ನಿಶ್ಚಿಂತೆಯಿಂದಿರುತ್ತದೆ. ಮಟ್ಟ 186 ಅಡಿ ಸಮೀಪಿಸಿ ಗೇಟು ಎತ್ತಿದ ದಿನ ಹೊಳೆ ಒಮ್ಮೆಗೇ ಏರುತ್ತದೆ. ಕಳಸ, ಬಾಳೆಹೊನ್ನೂರು ಭಾಗದ ಹತ್ತು ದಿನಗಳ ಮಳೆಯ ಒಟ್ಟು ಮೊತ್ತವನ್ನು ಕಣಿವೆಯ ಗಡಿಯೊಳಗೆ ಕೂಡಿಸಿ ತೋರಿಸುವ ಚಿತ್ರ ಆ ಊರಿಗೆ ಬೇಕು. 2019ರ ಆಗಸ್ಟಿನಲ್ಲಿ ಶಿವಮೊಗ್ಗದ ಇಮಾಮ್‌ಬಾಡ, ವಿದ್ಯಾನಗರದ ಬೀದಿಗಳಿಗೂ ಭದ್ರಾವತಿಯ ಕವಲಗುಂದಿಗೂ ನೀರು ನುಗ್ಗಿದಾಗ ಸುದ್ದಿಯಲ್ಲಿ ಅದು ಒಂದೇ ನೆರೆಯಾಗಿ ಬಂತು. ಅವು ಎರಡು ಬೇರೆ ಗಡಿಯಾರಗಳ ಮೇಲೆ ನಡೆದ ಎರಡು ನೆರೆಗಳು. ದೇಶಕ್ಕೆಲ್ಲ ಒಂದೇ ಚೌಕಟ್ಟಿನ ಚಿತ್ರ ಇವೆರಡರಲ್ಲಿ ಯಾವುದಕ್ಕೂ ಉತ್ತರ ಕೊಡದು.

ಈ ತಂತ್ರಾಂಶಗಳು ಹಳತಾಗುವುದು ಹೇಗೆ ಎಂಬುದನ್ನೂ ನೋಡಬೇಕು. ಕಬ್ಬಿಣ ತುಕ್ಕು ಹಿಡಿಯುವುದು ಕಣ್ಣಿಗೆ ಕಾಣುತ್ತದೆ, ಪ್ರೋಗ್ರಾಮು ಹಳತಾಗುವುದು ಕಾಣುವುದಿಲ್ಲ. ಅದರ ಸಾಲುಗಳು ಬರೆದ ದಿನದಂತೆಯೇ ಇರುತ್ತವೆ. ಸುತ್ತಲಿನ ಲೋಕ ಬದಲಾಗಿರುತ್ತದೆ. ಒಂದು ಕಾಲಕ್ಕೆ ಮೋಡದ ಚಲನಚಿತ್ರ ತೋರಿಸಲು ಜಾವಾ ಆಪ್ಲೆಟ್ ಬಳಸುತ್ತಿದ್ದರು, ಬ್ರೌಸರುಗಳು ಅದನ್ನು ಕೈಬಿಟ್ಟವು. ಫ್ಲ್ಯಾಶ್ ಬಳಸಿದವರೂ ಇದ್ದರು, 2020ರ ಕೊನೆಗೆ ಅದೂ ಮುಗಿಯಿತು. ಪೈಥಾನ್‌ನ ಎರಡನೇ ಆವೃತ್ತಿಯಲ್ಲಿ ಬರೆದವರಿಗೆ 2020ರ ಜನವರಿಯಿಂದ ಭದ್ರತೆಯ ತಿದ್ದುಪಡಿಗಳು ಬರುವುದು ನಿಂತಿತು. ಇದೆಲ್ಲಕ್ಕಿಂತ ಪಾಠ ಕಲಿಸುವ ಪ್ರಕರಣ ಡಬ್ಲ್ಯುಎಕ್ಸ್‌ಟುಇಮೇಜ್ ಎಂಬ ತಂತ್ರಾಂಶದ್ದು. ಅಮೆರಿಕದ ನೋವಾ ಉಪಗ್ರಹಗಳು ಬಿತ್ತುತ್ತಿದ್ದ ಸರಳ ರೇಡಿಯೊ ಸಂಕೇತವನ್ನು ಹಿಡಿದು ಮೋಡದ ಚಿತ್ರ ಮಾಡಲು ಜಗತ್ತಿನಾದ್ಯಂತ ಹವ್ಯಾಸಿಗಳು, ಕಾಲೇಜು ವಿದ್ಯಾರ್ಥಿಗಳು ಅದನ್ನೇ ನೆಚ್ಚಿಕೊಂಡಿದ್ದರು. ಅದರ ಮೂಲ ಸಂಕೇತ (ಸೋರ್ಸ್ ಕೋಡ್) ಗುಟ್ಟಾಗಿತ್ತು. ತಯಾರಕರು ಕೈಬಿಟ್ಟು, ಜಾಲತಾಣ ಕಣ್ಮರೆಯಾದಾಗ ಅದನ್ನು ತಿದ್ದುವ ಹಕ್ಕಾಗಲಿ ದಾರಿಯಾಗಲಿ ಯಾರಿಗೂ ಉಳಿಯಲಿಲ್ಲ. ಸ್ಯಾಟ್‌ಡಂಪ್ ಎಂಬ ಮುಕ್ತ ತಂತ್ರಾಂಶ ಬಂದು ಆ ಜಾಗವನ್ನು ತುಂಬಿತು. 2025ರಲ್ಲಿ ಆ ನೋವಾ ಉಪಗ್ರಹಗಳ ಸೇವೆಯೇ ಮುಗಿದಾಗ, ಹಳೆಯದಕ್ಕೆ ಅಂಟಿಕೊಂಡವರ ಕೈಯಲ್ಲಿ ಏನೂ ಉಳಿಯಲಿಲ್ಲ. ಮುಕ್ತ ತಂತ್ರಾಂಶಕ್ಕೆ ಬದಲಾದವರು ರಷ್ಯಾದ ಮೆಟಿಯೊರ್ ಉಪಗ್ರಹಗಳತ್ತ ಆಂಟೆನಾ ತಿರುಗಿಸಿದರು. ಮೂಲ ಸಂಕೇತ ಯಾರ ಕೈಯಲ್ಲಿದೆ ಎಂಬುದೇ ಕೊನೆಗೆ ಮುಖ್ಯವಾಗುತ್ತದೆ.

ಕನ್ನಡದ ಪ್ರಶ್ನೆಯೂ ಇಲ್ಲಿ ಭಾವುಕತೆಯದ್ದಲ್ಲ, ತಾಂತ್ರಿಕ. ಹಳೆಯ ಪ್ರದರ್ಶಕ ತಂತ್ರಾಂಶಗಳು ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟು ಬರೆಯುತ್ತವೆ. ಇಂಗ್ಲಿಷಿಗೆ ಅಷ್ಟು ಸಾಕು. ಒತ್ತಕ್ಷರ, ಗುಣಿತ ಇರುವ ಲಿಪಿಯನ್ನು ಜೋಡಿಸುವ ಸಾಮರ್ಥ್ಯ ಅವುಗಳಲ್ಲಿಲ್ಲ. ‘ಲಕ್ಕವಳ್ಳಿ’ ಎಂದು ಬರೆಯಹೋದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾದ ಒಂದು ಹೆಸರು ಮೂಡುತ್ತದೆ. ಹಾಗಾಗಿ ಕನ್ನಡದಲ್ಲಿ ಕೊಡಿ ಎಂದಾಗ ‘ಸಾಧ್ಯವಿಲ್ಲ’ ಎಂಬ ಉತ್ತರ ಬಂದರೆ ಅದು ಸುಳ್ಳಾಗಿರಬೇಕೆಂದಿಲ್ಲ. ಆ ತಂತ್ರಾಂಶದಲ್ಲಿ ನಿಜಕ್ಕೂ ಸಾಧ್ಯವಿಲ್ಲ. ಇಂದಿನ ಯಾವುದೇ ಬ್ರೌಸರ್ ಯೂನಿಕೋಡ್ ಕನ್ನಡವನ್ನು ಸಲೀಸಾಗಿ ತೋರಿಸುತ್ತದೆ. ನಕ್ಷೆಯನ್ನು ಬ್ರೌಸರಿಗೆ ತಂದ ದಿನ ಗಾಜನೂರು, ಮಂಡಗದ್ದೆ, ಕೂಡಲಿ ಎಂಬ ಹೆಸರುಗಳು ತಾವಾಗಿ ಬರುತ್ತವೆ.

ಹಳೆಯದನ್ನು ಬದಲಿಸುವುದು ಸುಲಭದ ಕೆಲಸವೆಂದು ಯಾರೂ ಹೇಳುತ್ತಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಹುಟ್ಟಿದ ಮ್ಯಾಕ್‌ಐಡ್ಯಾಸ್ ಉಪಗ್ರಹ ಮೋಡಚಿತ್ರ ನೋಡುವ ತಂತ್ರಾಂಶಗಳ ಹಿರಿಯಜ್ಜ. ಫೋರ್ಟ್ರಾನ್, ಸಿ ಭಾಷೆಗಳಲ್ಲಿ ದಶಕಗಳ ಕಾಲ ಬೆಳೆದ ಆ ಕಟ್ಟಡವನ್ನು ಅವರು ಒಂದೇ ಏಟಿಗೆ ಕೆಡವಲಿಲ್ಲ. ಪಕ್ಕದಲ್ಲೇ ಜಾವಾದಲ್ಲಿ ಹೊಸದನ್ನು ಕಟ್ಟಿದರು, ಹಳೆಯದೂ ಬಹುಕಾಲ ನಡೆಯಿತು. ಅಲ್ಲಿನ ರಾಷ್ಟ್ರೀಯ ಹವಾಮಾನ ಸೇವೆ ತನ್ನ ಮುನ್ಸೂಚಕರ ತೆರೆಯಾದ ಎವಿಪ್ಸ್ ಅನ್ನು ಎರಡನೇ ಆವೃತ್ತಿಗೆ ಬದಲಿಸುವಾಗ ಹಾಕಿಕೊಂಡ ಷರತ್ತು ಇನ್ನೂ ಕಟ್ಟುನಿಟ್ಟು: ಹಳೆಯದು ಮಾಡುತ್ತಿದ್ದ ಯಾವ ಕೆಲಸವೂ ಹೊಸದರಲ್ಲಿ ತಪ್ಪಬಾರದು. ಅದಕ್ಕಾಗಿ ವರ್ಷಗಳ ಕಾಲ ಕಚೇರಿಯಿಂದ ಕಚೇರಿಗೆ ಹಂತಹಂತವಾಗಿ ಇಳಿಸಿದರು. ಯುರೋಪಿನ ಉತ್ತರದ ದೇಶಗಳ ಹವಾಮಾನ ಸಂಸ್ಥೆಗಳು ಮತ್ತೊಂದು ದಾರಿ ಹಿಡಿದವು. ಅವರ ಪೈಟ್ರೋಲ್ ಬಳಗದ ಸ್ಯಾಟ್‌ಪೈ ಪೂರ್ತಿ ಮುಕ್ತ; ಯಾರು ಬೇಕಾದರೂ ಓದಬಹುದು, ತಿದ್ದಬಹುದು. ನಮ್ಮ ಇನ್ಸ್ಯಾಟ್-3ಡಿಯ ಎಚ್‌ಡಿಎಫ್5 ಕಡತವನ್ನು ತೆರೆದು ಓದುವ ಭಾಗವೂ ಅದರಲ್ಲಿ ಆಗಲೇ ಸೇರಿದೆ. ಅಂದರೆ ಅಡಿಪಾಯ ನಾವು ಹಾಕಬೇಕಿಲ್ಲ. ನಮ್ಮ ಕಣಿವೆಗಳ ಗಡಿ, ನಮ್ಮ ಮೋಡಕ್ಕೊಪ್ಪುವ ಬಣ್ಣ, ನಮ್ಮ ಭಾಷೆ, ನಮ್ಮ ಗಡಿಯಾರ ಇವಷ್ಟನ್ನು ಸೇರಿಸಬೇಕು.

‘ಈಗಿರುವುದು ನಡೆಯುತ್ತಿದೆಯಲ್ಲ, ಮುಟ್ಟಲು ಹೋಗಿ ಕೆಡಿಸಿಕೊಳ್ಳುವುದೇಕೆ’ ಎಂಬ ಆಕ್ಷೇಪಕ್ಕೆ ತೂಕವಿದೆ. ಮಳೆಗಾಲದ ನಡುವೆ ತೆರೆ ಕಪ್ಪಾದರೆ ಅದರ ಬೆಲೆ ದೊಡ್ಡದು. ಅದಕ್ಕೇ ಹಳೆಯದನ್ನು ನಿಲ್ಲಿಸದೆ ಕನಿಷ್ಠ ಒಂದು ಪೂರ್ತಿ ಮುಂಗಾರು ಎರಡನ್ನೂ ಅಕ್ಕಪಕ್ಕ ನಡೆಸಬೇಕು. ಒಂದೇ ಕಡತಕ್ಕೆ ಎರಡೂ ಒಂದೇ ಉಷ್ಣತೆ ಹೇಳುತ್ತವೆಯೇ ಎಂದು ಪ್ರತಿದಿನ ಹೋಲಿಸಬೇಕು. ಹಳೆಯ ಪ್ರೋಗ್ರಾಮಿನೊಳಗೆ ಯಾರೋ ಎಂದೋ ಕಂಡುಕೊಂಡ ಸಣ್ಣ ತಿದ್ದುಪಡಿಗಳು ಹೂತಿರುತ್ತವೆ, ಅವನ್ನು ಕಳೆದುಕೊಳ್ಳಬಾರದು. ಆದರೆ ‘ನಡೆಯುತ್ತಿದೆ’ ಎಂಬ ಸಮಾಧಾನ ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ಭದ್ರಾವತಿಯವರಿಗೆ ಹೇಳಿಕೊಡಬೇಕಾಗಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ, ಸರ್ ಎಂ. ವಿಶ್ವೇಶ್ವರಯ್ಯನವರು ಕಟ್ಟಿ ನಿಲ್ಲಿಸಿದ ಕಬ್ಬಿಣ ಕಾರ್ಖಾನೆಗೆ ಕಾಲಕಾಲಕ್ಕೆ ಬಂಡವಾಳ ಹಾಕಿ ಹೊಸ ಯಂತ್ರ ತರಬೇಕೆಂಬ ಬೇಡಿಕೆ ದಶಕಗಳ ಕಾಲ ಕೇಳಿಬಂತು. ಶತಮಾನ ತುಂಬಿದ ಹೊತ್ತಿಗೆ, 2023ರ ಜನವರಿಯಲ್ಲಿ, ಬಂದದ್ದು ಮುಚ್ಚುವ ಪ್ರಕಟಣೆ. ಅದೇ ಊರಿನ ಕಾಗದ ಕಾರ್ಖಾನೆ ಅದಕ್ಕೂ ಮೊದಲೇ ಸದ್ದು ನಿಲ್ಲಿಸಿತ್ತು. ಎರಡರ ಅವನತಿಗೂ ಬೇರೆ ಕಾರಣಗಳಿದ್ದವು, ನಿಜ. ಆದರೆ ನಡೆಯುತ್ತಿರುವಾಗಲೇ ಹೊಸದು ಮಾಡಿಕೊಳ್ಳುವುದು ಅಗ್ಗ, ನಿಂತ ಮೇಲೆ ಎಬ್ಬಿಸುವುದು ದುಬಾರಿ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಎರಡನೆಯ ಆಕ್ಷೇಪ ಬಲ್ಲವರಿಂದ ಬರುತ್ತದೆ: ರಾಜ್ಯದಲ್ಲಿ ಮಳೆಮಾಪಕಗಳ ಜಾಲವೇ ಇದೆಯಲ್ಲ, ಮೋಡದ ಚಿತ್ರ ಯಾಕೆ? ಈ ಜಾಲ ಕರ್ನಾಟಕ ಹೆಮ್ಮೆಪಡಬೇಕಾದ ಕೆಲಸ. 1988ರಲ್ಲಿ ಬರ ನಿಗಾ ಘಟಕವಾಗಿ ಆರಂಭವಾದ ಸಂಸ್ಥೆ ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳಿಂದ ಕಾಲು ಗಂಟೆಗೊಮ್ಮೆ ಅಂಕಿ ತರಿಸುತ್ತದೆ. ‘ವರುಣಮಿತ್ರ’ ಸಹಾಯವಾಣಿಯಲ್ಲಿ ರೈತರಿಗೆ ಕನ್ನಡದಲ್ಲೇ ಉತ್ತರ ಸಿಗುತ್ತದೆ. ಆದರೆ ಮಾಪಕ ಅಳೆಯುವುದು ಬಿದ್ದ ಮಳೆಯನ್ನು. ಸಮುದ್ರದ ಮೇಲೆ ಮಾಪಕವಿಲ್ಲ, ದಟ್ಟ ಕಾಡಿನ ಗಂಗಾಮೂಲದ ಸುತ್ತ ಪಂಚಾಯಿತಿ ಕಟ್ಟಡಗಳೂ ವಿರಳ. ಮೋಡ ಎತ್ತ ಸರಿಯುತ್ತಿದೆ, ದಟ್ಟವಾಗುತ್ತಿದೆಯೋ ಚದುರುತ್ತಿದೆಯೋ ಎಂದು ಹೇಳುವುದು ಉಪಗ್ರಹವೇ. ನಿಜವಾದ ಲಾಭ ಎರಡನ್ನೂ ಒಂದೇ ತೆರೆಯ ಮೇಲೆ ಇಟ್ಟಾಗ. ಮೋಡ ನೋಡಿ ಮಾಡಿದ ಅಂದಾಜನ್ನು ಆಗುಂಬೆ, ಹುಲಿಕಲ್ಲಿನ ಮಾಪಕ ಕೊಟ್ಟ ಅಂಕಿಯಿಂದ ಆಗಿಂದಾಗ್ಗೆ ತಿದ್ದಿಕೊಳ್ಳಬಹುದು. ಗಿಡ್ಡ ಮೋಡದ ಮಳೆಯನ್ನು ಉಪಗ್ರಹ ಕಡಿಮೆ ಲೆಕ್ಕ ಹಾಕಿದರೆ ಮಾಪಕ ಅದನ್ನು ಹಿಡಿಯುತ್ತದೆ. ಹಳೆಯ ತಂತ್ರಾಂಶಗಳು ಈ ಜೋಡಣೆಗೆ ಬಗ್ಗುವುದಿಲ್ಲ, ಏಕೆಂದರೆ ಅವು ಚಿತ್ರವನ್ನಷ್ಟೇ ಬಲ್ಲವು. ಹೊಸದು ಬೇಕು ಎನ್ನುವುದಕ್ಕೆ ಇದೇ ಪ್ರಬಲ ಕಾರಣ.

ಮೊಬೈಲಿನಲ್ಲಿ ಚಂದಚಂದದ ವಿದೇಶಿ ಹವಾಮಾನ ಆ್ಯಪ್‌ಗಳಿವೆ, ಜನ ಅವನ್ನೇ ನೋಡುತ್ತಿದ್ದಾರೆ ಎಂಬುದೂ ಸತ್ಯ. ಬಣ್ಣದ ಗಾಳಿಗೆರೆಗಳು ತೇಲುವ ಆ ತೆರೆ ಮೋಹಕ. ಆದರೆ ಅಲ್ಲಿ ಕಾಣುವುದರಲ್ಲಿ ಹೆಚ್ಚಿನದು ಗಣಕಮಾದರಿಯ ಊಹೆ, ನೋಡಿದ್ದಲ್ಲ. ಎರಡರ ವ್ಯತ್ಯಾಸ ಬಹಳ ಬಳಕೆದಾರರಿಗೆ ಗೊತ್ತಾಗುವುದೂ ಇಲ್ಲ. ತಪ್ಪಾದರೆ ಕೇಳುವುದಕ್ಕೆ ಅಲ್ಲಿ ಯಾರೂ ಇಲ್ಲ. ಗಾಜನೂರಿನ ಒಳಹರಿವು, ಲಕ್ಕವಳ್ಳಿಯ ಮಟ್ಟ ಅವರ ನಕ್ಷೆಯಲ್ಲಿ ಬರುವುದಿಲ್ಲ, ಬರಬೇಕೆಂದು ನಿರೀಕ್ಷಿಸುವುದೂ ತಪ್ಪು. ಅವರಿಂದ ಕಲಿಯಬೇಕಾದದ್ದು ಒಂದಿದೆ: ನೋಡುವವನಿಗೆ ಸುಲಭವಾಗಿರಬೇಕು ಎಂಬ ಕಾಳಜಿ. ಸರ್ಕಾರಿ ತಾಣಗಳಲ್ಲಿ ಅದರ ಬರ ಈಗಲೂ ನೀಗಿಲ್ಲ.

ಇನ್ನೊಂದು ಅಂಜಿಕೆ ಅಧಿಕಾರಿಗಳಲ್ಲಿ ಸಹಜ. ಕಚ್ಚಾ ಚಿತ್ರ ಜನರ ಕೈಗೆ ಸಿಕ್ಕರೆ ಗಾಬರಿ, ವದಂತಿ ಹಬ್ಬುತ್ತದೆ ಎಂಬುದು. ವದಂತಿ ಈಗ ಕಡಿಮೆಯೇನಿಲ್ಲ. ಯಾವುದೋ ವರ್ಷದ ಗೇಟು ತೆರೆದ ವಿಡಿಯೊ ಪ್ರತಿ ಜುಲೈಯಲ್ಲೂ ವಾಟ್ಸ್ಆ್ಯಪ್ಪಿನಲ್ಲಿ ಹೊಸದಾಗಿ ಓಡಾಡುತ್ತದೆ. ನಂಬುವಂಥ ಚಿತ್ರ ಇಲ್ಲದ ಕಡೆ ನಂಬಬಾರದ ಚಿತ್ರಕ್ಕೆ ಬೆಲೆ. ಪ್ರತಿ ಚಿತ್ರದ ಮೇಲೂ ಭಾರತೀಯ ಹೊತ್ತು, ತೆಗೆದ ಉಪಗ್ರಹ, ‘ಇದು ಮೋಡ, ಮಳೆಯ ಅಂದಾಜಲ್ಲ’ ಅಥವಾ ‘ಇದು ಅಂದಾಜು’ ಎಂಬ ಒಂದು ಸಾಲು, ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಇಷ್ಟಿದ್ದರೆ ತಪ್ಪು ತಿಳಿಯುವ ಸಂಭವ ತಗ್ಗುತ್ತದೆ. ಎಚ್ಚರಿಕೆ ಕೊಡುವ ಅಧಿಕಾರ ಹವಾಮಾನ ಇಲಾಖೆ ಮತ್ತು ಜಿಲ್ಲಾಡಳಿತದ ಬಳಿಯೇ ಇರಲಿ. ಜನ ಕೇಳುತ್ತಿರುವುದು ಎಚ್ಚರಿಕೆಯ ಹಿಂದಿನ ಆಧಾರ ತಮಗೂ ಕಾಣಲಿ ಎಂದು.

ಲಾಭ ನೆರೆಗಷ್ಟೇ ಸೀಮಿತವಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಅಡಿಕೆ ಬೆಳೆಗಾರ ಕಾಯುವುದು ಮಳೆ ಹೊಳವಾಗುವ ಅರ್ಧ ದಿನಕ್ಕೆ. ತೀರ್ಥಹಳ್ಳಿಯ ಆಚೆ ಮೋಡದ ಸಾಲು ಮುಗಿದಿದೆಯೇ ಎಂಬುದು ಅವನಿಗೆ ವಾರದ ಮುನ್ಸೂಚನೆಗಿಂತ ಹೆಚ್ಚು ಬೆಲೆಬಾಳುತ್ತದೆ. ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಕುವೆಂಪು ವಿಮಾನ ನಿಲ್ದಾಣದಲ್ಲಿ ಮಂಜು, ತಗ್ಗು ಮೋಡದ ಕಾರಣಕ್ಕೆ ವಿಮಾನಗಳು ಇಳಿಯಲಾರದೆ ಹೋದದ್ದುಂಟು. ಇನ್ಸ್ಯಾಟ್‌ನ 3.9 ಮತ್ತು 10.8 ಮೈಕ್ರಾನ್ ಚಾನೆಲ್‌ಗಳ ವ್ಯತ್ಯಾಸ ತೆಗೆದರೆ ರಾತ್ರಿಯಲ್ಲಿ ನೆಲಕ್ಕಂಟಿದ ಮಂಜು ಬೇರೆಯಾಗಿ ಕಾಣುತ್ತದೆ. ಮೂರೇ ಚಾನೆಲ್ ಬಲ್ಲ ಹಳೆಯ ತೆರೆಗೆ ಇದು ಸಿಗುವ ವಿಷಯವಲ್ಲ. ಇನ್ನು ಇಂಟರ್ನೆಟ್ ಕೈಕೊಡುವ ಮಲೆನಾಡಿನ ಊರುಗಳಿಗೆ ಆಕಾಶವಾಣಿ ಭದ್ರಾವತಿ ಇದೆ. ಕಣಿವೆವಾರು ಚಿತ್ರ ನಿಲಯದ ಮೇಜಿನ ಮೇಲಿದ್ದರೆ ‘ಕರಾವಳಿ ಮತ್ತು ಒಳನಾಡಿನ ಕೆಲವೆಡೆ ಭಾರಿ ಮಳೆ’ ಎಂಬ ಎಲ್ಲರಿಗೂ ಅನ್ವಯಿಸುವ, ಹಾಗಾಗಿ ಯಾರಿಗೂ ಉಪಯೋಗವಿಲ್ಲದ ವಾಕ್ಯದ ಬದಲು ತುಂಗೆಯ ಮೇಲ್ಭಾಗ, ಭದ್ರೆಯ ಮೇಲ್ಭಾಗ ಎಂದು ಬಿಡಿಸಿ ಹೇಳಬಹುದು.

ಹಣ, ಜನ ಎಲ್ಲಿಂದ ಎಂಬ ಪ್ರಶ್ನೆ ಉಳಿಯಿತು. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಒಪ್ಪಿದ ಮಿಷನ್ ಮೌಸಮ್‌ಗೆ ಎರಡು ವರ್ಷಕ್ಕೆ ಎರಡು ಸಾವಿರ ಕೋಟಿ ರೂಪಾಯಿ ನಿಗದಿಯಾಗಿತ್ತು. ರಾಡಾರ್, ಸೂಪರ್ ಕಂಪ್ಯೂಟರ್‌ಗಳಿಗೆ ಹೋಗುವ ಹಣದ ಎದುರು ಇಂಥ ತಂತ್ರಾಂಶದ ಖರ್ಚು ಪುಡಿಗಾಸು. ಕೆಲಸ ಮಾಡುವವರೂ ಇಲ್ಲೇ ಇದ್ದಾರೆ. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ, ನಗರದಲ್ಲಿ 1980ರಿಂದ ಜವಾಹರಲಾಲ್ ನೆಹರು ಎಂಜಿನಿಯರಿಂಗ್ ಕಾಲೇಜಿದೆ, ಜಿಲ್ಲೆಯಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಪ್ರತಿ ವರ್ಷ ಕೊನೆಯ ಸೆಮಿಸ್ಟರಿನಲ್ಲಿ ಯಾರೂ ಬಳಸದ ಹಾಜರಾತಿ ಪುಸ್ತಕದ ಪ್ರಾಜೆಕ್ಟುಗಳನ್ನು ಮಾಡಿಸುವ ಬದಲು ಈ ಕೆಲಸಕ್ಕೆ ಹಚ್ಚಬಹುದು. ವಿದ್ಯಾರ್ಥಿಗಳು ಬಂದು ಹೋಗುವವರು, ನಿರ್ವಹಣೆ ಅವರಿಂದಾಗದು ಎಂಬ ಮಾತು ಒಪ್ಪತಕ್ಕದ್ದೇ. ಅದಕ್ಕೆ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಖಾಯಂ ಹೊಣೆಗಾರರು ಬೇಕು, ಮೂಲ ಸಂಕೇತ ಬಯಲಲ್ಲಿರಬೇಕು. ಗುತ್ತಿಗೆ ಕಂಪನಿಯೊಂದರಿಂದ ಬೀಗ ಹಾಕಿದ ತಂತ್ರಾಂಶ ಮಾಡಿಸಿಕೊಂಡು, ಐದು ವರ್ಷದ ಮೇಲೆ ಅದರ ಕೀಲಿಗಾಗಿ ಅಲೆಯುವುದಾದರೆ ಈಗಿರುವ ಹಳೆಯದೇ ಮೇಲು.

ದೊಡ್ಡ ಸುಧಾರಣೆಗೆ ಕಾಯದೆ ಸಣ್ಣದೊಂದರಿಂದ ಆರಂಭಿಸಬಹುದು. ಅಮೆರಿಕದ ನೋವಾ ಸಂಸ್ಥೆ ತನ್ನ ಈಗಿನ ಹವಾಮಾನ ಉಪಗ್ರಹಗಳ ದತ್ತಾಂಶವನ್ನು ಕೆಲವೇ ನಿಮಿಷಗಳಲ್ಲಿ ಯಾರು ಬೇಕಾದರೂ ತೆಗೆದುಕೊಳ್ಳುವಂತೆ ಕ್ಲೌಡ್‌ನಲ್ಲಿ ಇಡುತ್ತಿದೆ. ಇಸ್ರೋ ಮತ್ತು ಹವಾಮಾನ ಇಲಾಖೆ ಇನ್ಸ್ಯಾಟ್‌ನ ಮೂಲ ಕಡತಗಳನ್ನು ಕನಿಷ್ಠ ರಾಜ್ಯದ ಉಸ್ತುವಾರಿ ಕೇಂದ್ರಕ್ಕೂ ವಿಶ್ವವಿದ್ಯಾಲಯಗಳಿಗೂ ಅದೇ ವೇಗದಲ್ಲಿ ಕೊಡಲಿ. ಶಿವಮೊಗ್ಗ ಜಿಲ್ಲಾಡಳಿತ ತುಂಗಾ ಮತ್ತು ಭದ್ರಾ ಕಣಿವೆಗಳಿಗೆ ಒಂದೊಂದರಂತೆ ಎರಡೇ ಪುಟ ಮಾಡಿಸಲಿ. ಮೋಡ, ಮಾಪಕದ ಮಳೆ, ಜಲಾಶಯದ ಒಳಹರಿವು ಮೂರೂ ಒಂದೇ ಕಡೆ, ಕನ್ನಡದಲ್ಲಿ, ನಮ್ಮ ಹೊತ್ತಿನಲ್ಲಿ. ಶಾಸಕರು, ಸಂಸದರು ನೆರೆ ಇಳಿದ ಮೇಲೆ ಪರಿಹಾರದ ಚೆಕ್ ಹಂಚುವಾಗ ತೋರುವ ಆಸಕ್ತಿಯ ಒಂದು ಪಾಲನ್ನು ಬೇಸಿಗೆಯಲ್ಲೇ ಇದಕ್ಕೆ ಕೊಡಲಿ. ಮೇ ತಿಂಗಳೊಳಗೆ ಆ ಎರಡು ಪುಟ ಸಿದ್ಧವಾಗಿ, ಜೂನ್‌ನಿಂದ ಹಳೆಯ ಚಿತ್ರದ ಜೊತೆಜೊತೆಗೇ ಪರೀಕ್ಷೆಗೆ ಇಳಿಯಬೇಕು.